ನನ್ನ ಫುಟ್‌ಬಾಲ್ ಕ್ಲಬ್ಬು ಮತ್ತು ನಮ್ಮೂರ ಭಜನಾ ಮಂಡಳಿ

ನಮ್ಮೂರ ಭಜನಾ ಮಂಡಳಿಯು ನನ್ನ ಫುಟ್‌ಬಾಲ್ ಕ್ಲಬ್ಬನ್ನು ಕಸಿದುಕೊಂಡಿದೆ. ಈ ಆರೋಪವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ, ಪೂರ್ಣ ಜವಾಬ್ದಾರಿಯಿಂದ ಮಾಡುತ್ತಿದ್ದೇನೆ. ಮೊದಲ ಆರೋಪಿ, ಮಂಡಳಿಯ ಅಧ್ಯಕ್ಷರೂ ಹಾರ್ಮೋನಿಯಂ ವಾದಕರೂ ಆದ ಚನ್ನಪ್ಪ ಕಾಕಾ. ಎರಡನೆಯ ಆರೋಪಿ, ದಮ್ಮಡಿ ಬಾರಿಸುವ ಮಾಬೂಸಾಬ್. ಮೂರನೆಯ ಆರೋಪಿ ನನ್ನ ಹೆತ್ತ ತಾಯಿ. ಇನ್ನುಳಿದ ಹದಿಮೂರು ಜನರ ಹೆಸರುಗಳು ಬೇಕಾದವರಿಗೆ ಇಂಗ್ಲೆಂಡಿನಲ್ಲಿ ಸಿಗುತ್ತವೆ.

ನನ್ನ ಹೆಸರು ಅಲ್ಲಿ ಸಿಗುವುದಿಲ್ಲ. ಪ್ರಕರಣ ಇರುವುದೇ ಅಲ್ಲಿ.

ಹಿನ್ನೆಲೆಯನ್ನು ಕ್ರಮವಾಗಿ ನಿವೇದಿಸುತ್ತೇನೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹುಬ್ಬಳ್ಳಿಗೆ ಹೋದವರು ನನಗೊಂದು ಅಂಗಿ ತಂದರು. ಪರದೇಶದಿಂದ ಗಂಟುಗಟ್ಟಿ ಬರುವ ಹಳೆಯ ಅರಿವೆಗಳನ್ನು ರಸ್ತೆಯ ಬದಿಗೆ ರಾಶಿ ಹಾಕಿ ಮಾರುತ್ತಾರಲ್ಲ, ಅಂಥ ರಾಶಿಯಿಂದ ಆರಿಸಿ ತಂದದ್ದು. ಹಳದಿ ಮತ್ತು ಕಂದು ಬಣ್ಣದ ಪಟ್ಟೆಗಳು, ಎದೆಯ ಎಡಭಾಗದಲ್ಲಿ ಒಂದು ಬಿಳಿ ಎತ್ತಿನ ಚಿತ್ರ. ನಮ್ಮದು ದಿನವೂ ಲಿಂಗಪೂಜೆ ನಡೆಯುವ ಮನೆ. ಎದೆಯ ಮೇಲೆ ಬಸವಣ್ಣನನ್ನು ಹೊಲಿದುಕೊಂಡು ಬಂದ ಅಂಗಿಯನ್ನು ರಸ್ತೆಯ ಮೇಲೆ ಬಿಟ್ಟು ಬರಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬಸವಣ್ಣನ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಶಾಲೆಯ ಗುರುಗಳು ಅದನ್ನು ಓದಿ, ನಕಾಶೆಯಲ್ಲಿ ಬೆರಳಾಡಿಸಿ, ಇದು ಉತ್ತರ ಇಂಗ್ಲೆಂಡಿನ ಒಂದು ಊರಿನ ಫುಟ್‌ಬಾಲ್ ಕ್ಲಬ್ಬು ಎಂದು ತೀರ್ಪು ಕೊಟ್ಟರು. ನಾನು ಅಂದಿನಿಂದ ಆ ಕ್ಲಬ್ಬಿನವನಾದೆ. ದೀಕ್ಷೆ ಎಂದರೆ ಅದೇ.

ನಾನು ಬೆಂಬಲಿಸಲು ತೊಡಗಿದಾಗ ಕ್ಲಬ್ಬು ಎರಡನೆಯ ದರ್ಜೆಯಲ್ಲಿತ್ತು. ನನ್ನ ಬೆಂಬಲ ದೊರೆತ ಮೇಲೆ ಮೂರಕ್ಕೆ ಇಳಿಯಿತು. ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸುವ ಹೊತ್ತಿಗೆ ನಾಲ್ಕಕ್ಕೆ ಬಂದು ನೆಲೆಗೊಂಡಿತು. ಆಟವನ್ನು ಯಾವ ಟಿ.ವಿ.ಯೂ ತೋರಿಸುವುದಿಲ್ಲ. ಶನಿವಾರ ಸಂಜೆ ಮೊಬೈಲಿನಲ್ಲಿ ಅಂಕಿಗಳು ಬದಲಾಗುವುದನ್ನು ನೋಡುತ್ತ ಕೂಡುವುದೇ ನನ್ನ ಪಂದ್ಯ ವೀಕ್ಷಣೆ. ಬದಲಾಗುವ ಅಂಕಿ ಸಾಮಾನ್ಯವಾಗಿ ಎದುರಾಳಿಯದು. ಅಂಥ ಒಂದು ಸಂಜೆ ತಾಟಿನ ಮುಂದಿನಿಂದ ಎದ್ದುಹೋದ ನನ್ನನ್ನು ಕುರಿತು ಅವ್ವ ಹೇಳಿದ ಮಾತು ಇಂದಿಗೂ ನೆನಪಿದೆ.

"ಅವರು ಸೋತ್ರ ನೀ ಯಾಕ ರೊಟ್ಟಿ ಬಿಡತೀಯೋ? ಅವರು ಅಲ್ಲೆ ಹೊಟ್ಟಿತುಂಬ ಉಂಡಿರತಾರ."

ನಾನು ಸುಮ್ಮನಿರುವವನಲ್ಲ. ಊರಿನ ಗಟಾರು ಅರ್ಧಕ್ಕೆ ನಿಂತದ್ದು ಏಕೆ, ಕುಬಿಹಾಳದ ಕಡೆಯ ಬಸ್ಸು ಕೈ ಮಾಡಿದರೂ ನಿಲ್ಲದಿರುವುದು ಏಕೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಉತ್ತರ ಕೇಳುವವನು. ಕ್ಲಬ್ಬಿಗೂ ಅದೇ ನ್ಯಾಯ ಅನ್ವಯಿಸಿದೆ. ಪ್ರತಿ ಹಂಗಾಮಿನ ಕೊನೆಗೆ ಆಡಳಿತ ಮಂಡಳಿಗೆ ಇಮೇಲ್ ಮೂಲಕ ಒಂದು ಮನವಿ ಸಲ್ಲಿಸುತ್ತೇನೆ. ಎಡಬದಿಯ ರಕ್ಷಣಾ ಆಟಗಾರನನ್ನು ಯಾವ ಮಾನದಂಡದ ಮೇಲೆ ಆಯ್ಕೆ ಮಾಡಲಾಯಿತು, ಗೋಲು ಕಾಯುವ ಗೋಲಿಯು ಚೆಂಡು ಬರುವಾಗ ಎತ್ತ ನೋಡುತ್ತಿದ್ದ ಎಂಬ ಬಗ್ಗೆ ವಿವರಣೆ ಕೋರುತ್ತೇನೆ. ನಿಮ್ಮ ಪತ್ರ ನಮಗೆ ಅಮೂಲ್ಯ ಎಂಬ ಒಂದೇ ಉತ್ತರ ಪ್ರತಿ ವರ್ಷವೂ ಬರುತ್ತದೆ. ಕಳಿಸಿದ ಮರುಕ್ಷಣವೇ ಬರುವುದರಿಂದ, ನನ್ನ ಮನವಿಯನ್ನು ಓದದೆಯೇ ಬರೆಯುತ್ತಾರೆಂಬ ಸಂಶಯ ನನಗಿದೆ.

ಹೀಗಿರುವಾಗ ಈ ಸಲ ಕ್ಲಬ್ಬು ಒಂದು ಪ್ರಕಟಣೆ ಹೊರಡಿಸಿತು. ದೂರದೇಶಗಳ ಅಭಿಮಾನಿಗಳು ಶಾಖೆ ಮಾಡಿಕೊಂಡರೆ ಅದಕ್ಕೆ ಅಧಿಕೃತ ಮಾನ್ಯತೆ. ಕನಿಷ್ಠ ಹದಿನೈದು ಸದಸ್ಯರಿರಬೇಕು. ಮಾನ್ಯತೆ ಸಿಕ್ಕ ಶಾಖೆಯ ಸದಸ್ಯರ ಹೆಸರುಗಳನ್ನು ಒಂದು ಶನಿವಾರ ಮೈದಾನದ ಧ್ವನಿವರ್ಧಕದಲ್ಲಿ, ಅಷ್ಟೂ ಜನರ ಮುಂದೆ, ಓದಲಾಗುವುದು.

ನಾನು ಆ ವಾಕ್ಯವನ್ನು ನಾಲ್ಕು ಸಲ ಓದಿದೆ. ಎರಡು ದಶಕಗಳ ನಿಷ್ಠೆಗೆ ಪ್ರತಿಯಾಗಿ ನಾನು ಬಯಸಿದ್ದು ಇಷ್ಟೇ. ಟ್ರೋಫಿ ಬೇಡ, ಗೆಲುವು ಕೂಡ ಬೇಡ, ಅದರ ಆಸೆಯನ್ನು ಕ್ಲಬ್ಬೇ ಬಿಡಿಸಿತ್ತು. ನಾನು ಎಂದೂ ಕಾಲಿಡದ ಆ ಮೈದಾನದಲ್ಲಿ ಒಂದು ಸಲ, ಒಂದೇ ಸಲ, ನನ್ನ ಹೆಸರು ಕೇಳಿಬರಬೇಕು.

ಸದಸ್ಯರ ಕೊರತೆ ಹದಿನಾಲ್ಕು.

ಗೆಳೆಯರನ್ನು ಕೇಳಿದೆ. ಅವರೆಲ್ಲ ಕ್ರಿಕೆಟ್ಟಿನವರು. ಆಡುವವರ ಕೈಗೆ ಕೆಲಸವಿಲ್ಲದ ಆಟ ಅದೆಂಥ ಆಟ ಎಂದು ಒಬ್ಬ ಕೇಳಿದ. ಇನ್ನೊಬ್ಬ, ಗೆದ್ದ ಮೇಲೆ ಹೇಳು, ಬರುತ್ತೇನೆ ಎಂದ. ಅಂದರೆ ಅವನು ಬರುವುದಿಲ್ಲ.

ಆ ಸೋಮವಾರ ಸಂಜೆ ಗುಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಭಜನೆ ನಡೆದಿತ್ತು. ನಿಂತು ಎಣಿಸಿದೆ. ಎರಡು ಸಾಲಾಗಿ ಎದುರುಬದುರು ಕುಳಿತವರು ಸರಿಯಾಗಿ ಹದಿನೈದು ಜನ. ಹೆಗಲ ಮೇಲೆ ಒಂದೇ ಬಣ್ಣದ ವಸ್ತ್ರ. ಒಬ್ಬರು ಎತ್ತಿಕೊಟ್ಟರೆ ಹದಿನಾಲ್ಕು ಜನ ಹಿಡಿದು ಹಾಡುತ್ತಾರೆ. ಸುಗ್ಗಿ ಇರಲಿ, ಮಳೆ ಬರಲಿ, ಸೋಮವಾರ ತಪ್ಪಿಸುವುದಿಲ್ಲ. ಫಲ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಒಂದು ಫುಟ್‌ಬಾಲ್ ಅಭಿಮಾನಿ ಸಂಘಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣಗಳು ಬೇಕಿಲ್ಲ. ಕೊರತೆ ಇದ್ದದ್ದು ಫುಟ್‌ಬಾಲಿನದು ಮಾತ್ರ.

ಮನೆಗೆ ಹೋಗಿ ಅರ್ಜಿ ತುಂಬಿದೆ. ಹದಿನೈದು ಸಾಲುಗಳಲ್ಲಿ ಹದಿನೈದು ಹೆಸರು. ಯಾವಾಗಿನಿಂದ ಬೆಂಬಲಿಸುತ್ತೀರಿ ಎಂಬ ಕಾಲಮ್ಮಿನಲ್ಲಿ ಅವರವರ ವಯಸ್ಸಿಗೆ ಹೊಂದುವಂತೆ ವರ್ಷಗಳನ್ನು ಹಂಚಿದೆ. ಮೆಚ್ಚಿನ ಆಟಗಾರ ಯಾರು ಎಂಬ ಕಾಲಮ್ಮಿನಲ್ಲಿ ಶಾಖೆಯ ಅಧ್ಯಕ್ಷರೆಂದು ಬರೆದ ಚನ್ನಪ್ಪ ಕಾಕಾನಿಗೆ ಒಬ್ಬ ಹಳೆಯ ಗೋಲಿಯನ್ನು ದಯಪಾಲಿಸಿದೆ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಕೆಲಸಕ್ಕೆ ಬಾರದವರ ಹೆಸರುಗಳಿವೆ ಎಂದು ಪಂಚಾಯತಿಯ ಮುಂದೆ ಧರಣಿ ಕುಳಿತವನು ನಾನೇ ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಆಗ ನನಗೆ ಅದು ನೆನಪಾಗಲಿಲ್ಲ.

ನನ್ನ ಹೆಸರನ್ನು ಎಲ್ಲಿ ಬರೆದೆ ಎಂಬುದು ಮುಖ್ಯ. ಪಟ್ಟಿಯ ಮೇಲೆ, ಪ್ರತ್ಯೇಕವಾಗಿ, 'ಸಂಪರ್ಕ ವ್ಯಕ್ತಿ' ಎಂದೊಂದು ಚೌಕವಿತ್ತು. ನಮ್ಮ ಕಡೆ ಯಾವ ಆಮಂತ್ರಣ ಪತ್ರಿಕೆಯನ್ನು ಬೇಕಾದರೂ ನೋಡಿ, ಎಲ್ಲರಿಗಿಂತ ಮೇಲೆ ಒಬ್ಬರೇ ಇರುವ ಹೆಸರು ದೊಡ್ಡವರದು. ಕೆಳಗೆ ಸಾಲುಗಟ್ಟಿದವರು ಊಟಕ್ಕೆ ಬಂದವರು. ಈ ಪರಂಪರೆಯ ಮೇಲೆ ಭರವಸೆ ಇಟ್ಟು, ನಾನು ಮೇಲಿನ ಚೌಕದಲ್ಲಿ ಕುಳಿತುಕೊಂಡೆ. ಹದಿನೈದು ಸಾಲುಗಳು ತುಂಬಿದವು. ಕಳಿಸಿಬಿಟ್ಟೆ.

ಕ್ಲಬ್ಬು ಈ ಸಲ ನಿಜವಾಗಿಯೂ ಓದಿ ಉತ್ತರಿಸಿತು. ಅಷ್ಟು ವರ್ಷ ಓದದವರು ಇದನ್ನೇ ಏಕೆ ಓದಿದರೋ ತಿಳಿಯದು. ಮಾನ್ಯತೆ ನೀಡಲಾಗಿದೆ, ಸಂತೋಷ. ಬರುವ ಶನಿವಾರ ಪಂದ್ಯಕ್ಕೆ ಮುಂಚೆ ತಮ್ಮ ಮಧ್ಯಾಹ್ನ ಎರಡೂವರೆಗೆ, ಅಂದರೆ ನಮ್ಮ ಸಂಜೆ ಏಳಕ್ಕೆ, ಎಲ್ಲ ಸದಸ್ಯರೂ ವಿಡಿಯೋ ಕರೆಯಲ್ಲಿ ಬರಬೇಕು. ಮೈದಾನದ ದೊಡ್ಡ ಪರದೆಯ ಮೇಲೆ ಮೂರು ನಿಮಿಷ ತೋರಿಸುತ್ತಾರೆ. ಹೆಸರುಗಳನ್ನು ಆಗಲೇ ಓದುತ್ತಾರೆ. ಸದಸ್ಯರು ಒಂದು ಹಾಡು ಹಾಡಿದರೆ ಇನ್ನೂ ಚೆನ್ನ.

ನಾನು ಚನ್ನಪ್ಪ ಕಾಕಾನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ತನ್ನನ್ನು ಕೇಳದೆ ತನ್ನ ಹೆಸರು ಬರೆದದ್ದಕ್ಕೆ ಕಾಕಾ ಸಿಟ್ಟಾಗಲಿಲ್ಲ. ಸಹಕಾರಿ ಸಂಘದವರು, ಪಕ್ಷದವರು, ಹಾಲಿನ ಡೇರಿಯವರು ಎಲ್ಲರೂ ಹಾಗೆಯೇ ಬರೆದುಕೊಂಡಿದ್ದಾರೆ ಎಂದ. ಅಂಗಿಯನ್ನು ತೋರಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಎತ್ತಿನ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಎದಿಮ್ಯಾಲೆ ಬಸವಣ್ಣನ್ನ ಇಟಗೊಂಡಾರಂದ್ರ ಅವರು ನಮ್ಮವರ ಆತು, ತಮ್ಮಾ. ಹಾಡೂಣು. ಎಷ್ಟು ಹೊತ್ತು?"

"ಮೂರು ನಿಮಿಷ, ಕಾಕಾ."

"ಮೂರು ನಿಮಿಷದಾಗ ಹಾರ್ಮೋನಿಯಂ ಸುರ ಕೂಡಸೂದೂ ಆಗೂದಿಲ್ಲ."

ಇದನ್ನು ನಾನು ಹಾಸ್ಯವೆಂದು ತಿಳಿದು ನಕ್ಕೆ. ನನ್ನ ವಿದ್ಯಾಭ್ಯಾಸದಲ್ಲಿ ಉಳಿದ ದೊಡ್ಡ ಕೊರತೆ ಅಲ್ಲಿ ಬಯಲಾಯಿತು. ಕಾಕಾ ಭಜನೆಯ ವಿಷಯದಲ್ಲಿ ಹಾಸ್ಯ ಮಾಡುವುದಿಲ್ಲ.

ಕ್ಲಬ್ಬಿನ ಅಭಿಮಾನಿಗಳು ಹಾಡುವ ನಾಲ್ಕು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆ. ಮಂಡಳಿ ಅದನ್ನು ಒಪ್ಪಲಿಲ್ಲ. ಆ ಪದಕ್ಕೆ ಕೊನೆಯಲ್ಲಿ ಅಂಕಿತವಿರಲಿಲ್ಲ. ಯಾರು ಬರೆದರೆಂಬುದು ಗೊತ್ತಿಲ್ಲದ ಪದವನ್ನು ಗುಡಿಯಲ್ಲಿ ಹಾಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ನಾನು ರಾಜಿ ಸೂತ್ರವಾಗಿ 'ಬಿಳಿಯ ಬಸವ' ಎಂಬ ಅಂಕಿತವನ್ನು ಐದನೆಯ ಸಾಲಾಗಿ ಸೇರಿಸಿದೆ. ಒಂದು ಶತಮಾನದಿಂದ ಅನಾಥವಾಗಿದ್ದ ಇಂಗ್ಲಿಷ್ ಹಾಡಿಗೆ ಹೀಗೆ ನಮ್ಮ ತಾಲೂಕಿನಲ್ಲಿ ಕರ್ತೃ ಸಿಕ್ಕಂತಾಯಿತು. ಮಾಬೂಸಾಬ್ ಮಾತ್ರ ಆಟದ ಬಗ್ಗೆ ಒಂದು ಪ್ರಶ್ನೆ ಕೇಳಿದ. ಎರಡೂ ಕಡೆಯವರಿಗೆ ಒಂದೇ ಚೆಂಡು ಏಕೆ ಎಂದು. ಸಮಯವಿಲ್ಲದ್ದರಿಂದ ಉತ್ತರಿಸಲಿಲ್ಲ.

ಶನಿವಾರ ಬಂತು. ಗುಡಿಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ನನ್ನ ಬಾಲ್ಯದ ಅಂಗಿಯನ್ನು ಹಿನ್ನೆಲೆಗೆ ಗೋಡೆಯ ಮೇಲೆ ತೂಗುಹಾಕುವ ವಿಚಾರವಿತ್ತು. ನಾನು ವಯರು ಜೋಡಿಸುವಷ್ಟರಲ್ಲಿ ಮಂಡಳಿಯವರು ಅದನ್ನು ಮಣೆಯ ಮೇಲೆ ಮಡಿಚಿಟ್ಟು, ಬಸವಣ್ಣನಿಗೆ ವಿಭೂತಿ ಹಚ್ಚಿ, ಕಣಗಿಲ ಹೂವು ಏರಿಸಿ, ಊದಿನಕಡ್ಡಿ ಹಚ್ಚಿದ್ದರು. ಆ ಅಂಗಿಗೆ ಬೆಂಕಿ ತಾಗೀತೆಂದು ನನಗೆ ಭಯ. ಮುಟ್ಟಬಾರದೆಂದು ಅವರ ಆಜ್ಞೆ. ಇಪ್ಪತ್ತು ವರ್ಷ ನನ್ನದಾಗಿದ್ದ ಅಂಗಿಗೆ ನಾನು ಆಗಲೇ ಪರಕೀಯನಾಗಿದ್ದೆ.

ಏಳಕ್ಕೆ ಸರಿಯಾಗಿ ಸುರುಮಾಡಬೇಕು ಎಂದು ನಾನು ಕಾಕಾನಿಗೆ ಹೇಳಿದ್ದೆ. ಕಾಕಾ ಅದರ ಪ್ರಕಾರವೇ ಲೆಕ್ಕ ಹಾಕಿದ್ದ. ಏಳಕ್ಕೆ ಪದ ಸುರುವಾಗಬೇಕಾದರೆ ನಾಂದಿ ಅದಕ್ಕೂ ಮುಂಚೆ ಆಗಬೇಕಲ್ಲ. ಆರೂ ಮುಕ್ಕಾಲಿಗೆ ನಾಂದಿ ಎತ್ತಿದ. ನಮ್ಮ ಮಂಡಳಿಯಲ್ಲಿ ಒಂದು ಕಟ್ಟಳೆಯಿದೆ. ನಾಂದಿ ಎತ್ತಿದ ಮೇಲೆ ಮಂಗಳಾರತಿಯವರೆಗೆ ಭಜನೆ ನಿಲ್ಲಬಾರದು. ಹಾಡು ಮುಗಿದು ಹಾಡು ಹತ್ತುವಾಗಲೂ ದಮ್ಮಡಿ ಬಾರಿಸುತ್ತಿರಬೇಕು. ಊರಲ್ಲಿ ಹುಟ್ಟಿದ ಎಲ್ಲರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಗಮನ ಅಂತರರಾಷ್ಟ್ರೀಯ ಮಟ್ಟದಲ್ಲಿತ್ತು.

ಏಳಕ್ಕೆ ಪರದೆಯ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಮೇಡಂ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಪ್ರತ್ಯಕ್ಷರಾದರು. ಅವರ ಹಿಂದೆ ಹಸಿರು ಮೈದಾನ. ನಾನು ನೋಡಬೇಕೆಂದು ಹಂಬಲಿಸಿದ ಆ ಮೈದಾನ. ಕಣ್ಣು ತುಂಬಿ ಬರಬೇಕಾದ ಗಳಿಗೆ. ಬರಲು ಪುರುಸೊತ್ತಿರಲಿಲ್ಲ. ಬಾಯಾರು ಸ್ವಾಗತ ಹೇಳಿದರು. ಮಂಡಳಿ ನಾಂದಿಯ ಮೂರನೆಯ ನುಡಿಯಲ್ಲಿತ್ತು. ಅಧ್ಯಕ್ಷರು ಕ್ಲಬ್ಬಿನ ಬಗೆಗಿನ ತಮ್ಮ ಸವಿನೆನಪನ್ನು ಹಂಚಿಕೊಳ್ಳಬೇಕು ಎಂದು ಕೇಳಿದರು. ಅಧ್ಯಕ್ಷರು ಕಣ್ಣುಮುಚ್ಚಿ ನಾಂದಿಯ ನಾಲ್ಕನೆಯ ನುಡಿಗೆ ಹೋದರು. ನಾನು ಕ್ಯಾಮೆರಾಕ್ಕೆ ಕಾಣದಂತೆ ಕೈಸನ್ನೆ ಮಾಡಿದೆ. ಮಾಬೂಸಾಬ್ ಅದನ್ನು ಲಯ ಏರಿಸುವ ಸೂಚನೆಯೆಂದು ತಿಳಿದು ಏರಿಸಿದ.

ಎರಡು ನಿಮಿಷ ಕಳೆದಿತ್ತು. ಕ್ಲಬ್ಬಿನ ಹಾಡು ಇನ್ನೂ ಕಣ್ಣಳತೆಯಲ್ಲಿ ಇರಲಿಲ್ಲ. ಉಳಿದದ್ದು ಒಂದೇ ನಿಮಿಷ. ಹೆಸರುಗಳನ್ನು ಯಾವಾಗ ಓದುತ್ತಾರೋ, ಓದದೆ ಪರದೆ ಮುಚ್ಚಿಬಿಟ್ಟರೆ ಏನು ಗತಿ ಎಂದು ನನ್ನ ಜೀವ ತಲ್ಲಣಿಸಿತು. ಆಗ ನಾನು ಎದ್ದು ಹೋಗಿ, ಹಾರ್ಮೋನಿಯಂನ ಹಿಂದಿನ ಗಾಳಿ ಹಾಕುವ ಹಲಗೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದೆ.

ಹಾರ್ಮೋನಿಯಂ ಒಂದು ಧ್ವನಿ ಹೊರಡಿಸಿತು. ಊರ ಅಗಸೆ ಬಾಗಿಲ ಮುಂದೆ ಕಟ್ಟಿದ ಎತ್ತು ಹೊತ್ತು ಮೀರಿದರೂ ಮೇವು ಕಾಣದಿದ್ದಾಗ ಹೊರಡಿಸುವ ಧ್ವನಿ ಅದು. ಆಮೇಲೆ ಮೌನ. ನಮ್ಮೂರ ಗುಡಿಯಲ್ಲಿ ನಾಂದಿ ಮತ್ತು ಮಂಗಳಾರತಿಯ ನಡುವೆ ಅಂಥ ಮೌನವನ್ನು ನಾನೆಂದೂ ಕೇಳಿರಲಿಲ್ಲ.

ನಮ್ಮ ಕ್ಲಬ್ಬಿನ ಅಭಿಮಾನಿಗಳಿಗೆ ಪಂದ್ಯಕ್ಕೆ ಮುಂಚೆ ಎತ್ತಿನಂತೆ ಕೂಗುವ ರೂಢಿಯಿದೆ. ಮೈದಾನದವರು ಕೂಗು ನಮ್ಮಿಂದಲೇ ಸುರುವಾಯಿತೆಂದು ತಿಳಿದು, ಸಾವಿರಾರು ಕಂಠಗಳಿಂದ ಉತ್ತರ ಕೊಟ್ಟರು. ಲ್ಯಾಪ್‌ಟಾಪ್ ನಡುಗಿತು. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಚನ್ನಪ್ಪ ಕಾಕಾ ಕಣ್ಣು ತೆರೆದು, ನನ್ನ ಕೈಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟು, ಭಂಗವಾದ ಭಜನೆಯನ್ನು ಕಟ್ಟಳೆಯ ಪ್ರಕಾರ ಮತ್ತೆ ಮೊದಲಿನಿಂದ ಸುರುಮಾಡಿದ. ನಾಂದಿಯಿಂದ.

ಬಾಯಾರಿಗೆ ಪರದೆ ಮುಚ್ಚಲು ಮನಸ್ಸಾಗಲಿಲ್ಲವಂತೆ. ಮೂರು ನಿಮಿಷ ಮೂವತ್ತಾಯಿತು. ಆಟಗಾರರು ಮೈದಾನಕ್ಕೆ ಇಳಿದದ್ದೇ ನಮ್ಮ ದಮ್ಮಡಿಯ ಹೆಜ್ಜೆಗೆ. ನಡುವೆ ಧ್ವನಿವರ್ಧಕದಲ್ಲಿ ಒಬ್ಬ ಗಂಭೀರ ಕಂಠದವನು ಹೆಸರುಗಳನ್ನು ಓದತೊಡಗಿದ. ನಾನು ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ ಕುಳಿತೆ. ಚನ್ನಪ್ಪ ಎಂಬುದನ್ನು ಅವನು ಬಹಳ ಗೌರವದಿಂದ ಎರಡು ತುಂಡು ಮಾಡಿದ. ಮಾಬೂಸಾಬನ ಹೆಸರನ್ನು ಅಚ್ಚುಕಟ್ಟಾಗಿ ಹೇಳಿದ. ಬಸಪ್ಪ, ಫಕ್ಕೀರಪ್ಪ, ಈರಪ್ಪ. ಪ್ರತಿ ಹೆಸರಿಗೂ ಜನ ಕೂಗಿದರು. ಹದಿನೈದನೆಯ ಹೆಸರು ಬಂತು. ದೊಡ್ಡವರ ಹೆಸರನ್ನು ಕೊನೆಗೆ ಹೇಳುವ ಪದ್ಧತಿ ಅಲ್ಲಿರಬಹುದು ಎಂದುಕೊಂಡೆ.

ಧ್ವನಿವರ್ಧಕದಲ್ಲಿ ಮುಂದೆ ಬಂದದ್ದು, ಕೆಂಪು ಕಾರೊಂದನ್ನು ಗೇಟಿಗೆ ಅಡ್ಡ ನಿಲ್ಲಿಸಿದವರು ತೆಗೆಯಬೇಕೆಂಬ ಸೂಚನೆ.

ಅಂದು ಕ್ಲಬ್ಬು ನಾಲ್ಕು ಗೋಲುಗಳಿಂದ ಗೆದ್ದಿತು. ಇಪ್ಪತ್ತು ವರ್ಷ ನಾನೊಬ್ಬನೇ ಬೆಂಬಲಿಸಿದಾಗ ಆಗದ್ದು ಒಂದು ನಾಂದಿಗೆ ಆಯಿತು. ಅಲ್ಲಿಯ ಜನ ಇದನ್ನು ಭಜನೆಯ ಪ್ರಭಾವವೆಂದೇ ನಂಬಿದ್ದಾರೆ. ವೈಜ್ಞಾನಿಕ ಮನೋಭಾವದ ತವರೆಂದು ನಾನು ತಿಳಿದಿದ್ದ ದೇಶ ಅದು. ತವರಿನ ಪಂದ್ಯವಿದ್ದ ಪ್ರತಿ ಶನಿವಾರವೂ ಮಂಡಳಿ ಪರದೆಯ ಮೇಲೆ ಬರಬೇಕೆಂದು ವಿನಂತಿ ಬಂತು. ಹದಿನೈದು ಹೆಸರುಗಳ ಮಾನ್ಯತಾ ಪತ್ರವೂ ಬಂತು. ಅದು ಈಗ ಕಟ್ಟು ಹಾಕಿಸಿಕೊಂಡು ಗುಡಿಯ ಗೋಡೆಯ ಮೇಲಿದೆ.

ನಾನು ಕ್ಲಬ್ಬಿಗೆ ತೀವ್ರವಾದ ಪ್ರತಿಭಟನಾ ಪತ್ರ ಬರೆದೆ. ಬಾಯಾರು ಸೌಜನ್ಯದಿಂದ ಉತ್ತರಿಸಿದರು. ಸಂಪರ್ಕ ವ್ಯಕ್ತಿ ಎಂದರೆ ಪತ್ರ ತಲುಪಿಸುವವರು, ಅವರು ಸದಸ್ಯರಾಗಿರಬೇಕೆಂದಿಲ್ಲ. ಅಷ್ಟೇ ಅಲ್ಲ, ನೀವೇ ನಿಮ್ಮನ್ನು ಪಟ್ಟಿಯಲ್ಲಿ ಸೇರಿಸಿಲ್ಲ. ಹೊಸ ಸದಸ್ಯರನ್ನು ಸೇರಿಸಲು ಶಾಖೆಯ ಅಧ್ಯಕ್ಷರ ಲಿಖಿತ ಒಪ್ಪಿಗೆ ಬೇಕು. ಅಂದಹಾಗೆ ನಿಮಗೂ ಫುಟ್‌ಬಾಲಿನಲ್ಲಿ ಆಸಕ್ತಿ ಇರುವುದು ತಿಳಿದು ಸಂತೋಷವಾಯಿತು.

ಕೊನೆಯ ವಾಕ್ಯವನ್ನು ನಾನು ಯಾರಿಗೂ ತೋರಿಸಿಲ್ಲ.

ಒಪ್ಪಿಗೆ ಪತ್ರವನ್ನು ನಾನೇ ಟೈಪು ಮಾಡಿಕೊಂಡು ಕಾಕಾನ ಬಳಿ ಹೋದೆ. ಸಹಿ ಒಂದೇ ಬಾಕಿ. ಕಾಕಾ ಕಾಗದ ಮುಟ್ಟಲಿಲ್ಲ.

"ಭಜನಿ ಮುರದವರು ಮುಂದಿನ ಶಿವರಾತ್ರಿತನಕ ಸಾಲಿನಾಗ ಕೂಡ್ರಂಗಿಲ್ಲ, ತಮ್ಮಾ. ಹೊರಗ ಚಪ್ಪಲಿ ಕಡೆ ಕೂಡ್ರಬೇಕು. ನಾನೂ ಸಣ್ಣಾಂವಿದ್ದಾಗ ಒಮ್ಮೆ ತಾಳ ಬಿಟ್ಟು ನಿದ್ದಿ ಹೊಡದಿದ್ದಕ್ಕ ಅಲ್ಲೇ ಕುಂತೀನಿ."

ಅದು ಭಜನೆಯ ಕಟ್ಟಳೆ, ಇದು ಫುಟ್‌ಬಾಲ್ ಕ್ಲಬ್ಬು, ಎರಡು ಪ್ರತ್ಯೇಕ ಸಂಸ್ಥೆಗಳು ಎಂದು ನಾನು ವಾದಿಸಿದೆ.

"ಎರಡೂ ಒಂದ ಅಂತ ಬರದು ಕಳಿಸಿದಾಂವ ನೀನ ಅಲ್ಲೇನು?"

ಐದು ವರ್ಷ ರಾಜ್ಯಶಾಸ್ತ್ರ ಓದಿದ ನಾನು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ಸದ್ಯದ ಸ್ಥಿತಿ ಹೀಗಿದೆ. ಶನಿವಾರಗಳಂದು ಮಂಡಳಿ ಒಳಗೆ ಕೂಡುತ್ತದೆ, ನಾನು ಹೊರಗೆ ಚಪ್ಪಲಿಗಳ ಹತ್ತಿರ ಕೂಡುತ್ತೇನೆ. ಲ್ಯಾಪ್‌ಟಾಪ್ ನನ್ನದೇ, ಒಳಗಿದೆ. ಬಾಯಾರು ಕರೆ ಮುಚ್ಚದೆ ಮಂಡಳಿಗೆ ಇಡೀ ಆಟ ತೋರಿಸುತ್ತಾರೆ. ಮಾಬೂಸಾಬ್ ಮೊಬೈಲಿನಲ್ಲಿ ನೋಡಿ ನೋಡಿ ಆಟ ಕಲಿತಿದ್ದಾನೆ. ವಿರಾಮದಲ್ಲಿ ಬೀಡಿ ಸೇದಲು ಹೊರಗೆ ಬಂದು, ಆಫ್‌ಸೈಡ್ ಎಂದರೇನು ಎಂಬುದನ್ನು ಚಪ್ಪಲಿಗಳನ್ನು ಜೋಡಿಸಿ ನನಗೆ ವಿವರಿಸುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ. ಅವನು ಅಧಿಕೃತ ಸದಸ್ಯ.

ಈ ನಡುವೆ ಮಂಡಳಿಯು ಹದಿನಾರನೆಯ ಸದಸ್ಯರನ್ನು ಸೇರಿಸಿಕೊಂಡಿತೆಂಬ ಸುದ್ದಿ ಬಂತು. ಧ್ವನಿವರ್ಧಕದಲ್ಲಿ ಹೊಸ ಹೆಸರು ಓದುವುದು ಹೊರಗೂ ಕೇಳಿಸಿತು. ಅದು ನನ್ನ ಅವ್ವನ ಹೆಸರು. ಪಂದ್ಯದ ದಿನ ಎಲ್ಲರಿಗೂ ಅವಲಕ್ಕಿ ಪ್ರಸಾದ ಮಾಡಿಕೊಡುವ ಸೇವೆಗಾಗಿ ಕಾಕಾ ಒಂದೇ ಮಾತಿಗೆ ಸಹಿ ಹಾಕಿದನಂತೆ. ಮೈದಾನವೆಲ್ಲ ಕೂಗಿತಂತೆ. ಅವ್ವ ಮನೆಗೆ ಬಂದು ಏನೂ ಆಗದವಳಂತೆ ಒಲೆಯ ಮುಂದೆ ಕುಳಿತಳು. ಹೇಗನ್ನಿಸಿತು ಎಂದು ಕೇಳಿದೆ.

"ನನಗೇನ ತಿಳೀತದೋ ಅದು. ಚಲೋ ಮಂದಿ ಕಾಣಸ್ತಾರ," ಎಂದಳು. ಒಲೆಗೆ ಕಟ್ಟಿಗೆ ಸರಿಸಿ, "ಆ ಎಡಕಿನ ಹುಡುಗನ್ನ ಮಾತ್ರ ತಗೀಬೇಕು ನೋಡು," ಎಂದಳು.

ನಾನು ಹನ್ನೆರಡು ಮನವಿಗಳಲ್ಲಿ ಬರೆದದ್ದು ಅದನ್ನೇ. ಅವ್ವನ ಅಭಿಪ್ರಾಯವನ್ನು ಕಾಕಾ ಬಾಯಾರಿಗೆ ಮುಟ್ಟಿಸಿದ. ಮುಂದಿನ ಶನಿವಾರ ಅವನನ್ನು ತೆಗೆದಿದ್ದರು.

ಆದ್ದರಿಂದ ಮಂಡಳಿಯ ಮಾನ್ಯ ಅಧ್ಯಕ್ಷರಲ್ಲಿ ನಾನು ಈ ಬರಹದ ಮೂಲಕ ಸಾರ್ವಜನಿಕವಾಗಿ ಕೇಳಿಕೊಳ್ಳುವುದೇನೆಂದರೆ, ಶಾಖೆಯ ಸ್ಥಾಪಕನೂ ಪತ್ರ ತಲುಪಿಸುವವನೂ ಆದ ನನ್ನ ಸದಸ್ಯತ್ವದ ಅರ್ಜಿಯನ್ನು ಇನ್ನು ವಿಳಂಬಿಸದೆ ಪರಿಶೀಲಿಸಬೇಕು. ಶಿವರಾತ್ರಿಯವರೆಗಿನ ಶಿಕ್ಷೆಯನ್ನು ನಾನು ಪ್ರಶ್ನಿಸುವುದಿಲ್ಲ, ಅನುಭವಿಸುತ್ತಿದ್ದೇನೆ. ಆದರೆ ಅದು ಮುಗಿದ ಮೊದಲ ಶನಿವಾರವೇ ಹದಿನೇಳನೆಯ ಹೆಸರು ಇಂಗ್ಲೆಂಡಿಗೆ ಹೋಗುವಂತೆ ಕ್ರಮ ಕೈಗೊಳ್ಳಬೇಕು. ಹೆಸರನ್ನು ಎರಡು ತುಂಡು ಮಾಡಿ ಓದಿದರೂ ನನ್ನ ತಕರಾರಿಲ್ಲ. ಕೈಗೊಂಡ ಕ್ರಮದ ಬಗ್ಗೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನೀಡಬೇಕು. ಉತ್ತರವನ್ನು ಅಂಚೆಯಲ್ಲಿ ಕಳಿಸುವ ತೊಂದರೆ ಬೇಡ. ಹಾರ್ಮೋನಿಯಂ ಒರೆಸಲು ನಾನು ದಿನಾಲೂ ಬೆಳಿಗ್ಗೆ ಏಳಕ್ಕೆ ಅಧ್ಯಕ್ಷರ ಮನೆಗೆ ಬರುತ್ತಿದ್ದೇನೆ, ಆಗ ಕೈಯಲ್ಲೇ ಕೊಡಬಹುದು.